ಲಿಪಿಸಾದೃಶ್ಯ ಮತ್ತು ಮಿಂಚಂಚೆಯ ವಂಚನೆ

ಓದುವ ಕಣ್ಣು ಅಕ್ಷರದ ಆಕಾರವನ್ನು ಗ್ರಹಿಸುತ್ತದೆ. ಗಣಕಯಂತ್ರವಾದರೋ ಆ ಅಕ್ಷರಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು ಮಾತ್ರ ಬಲ್ಲುದು. ಇವೆರಡರ ನಡುವಣ ಅಂತರದಲ್ಲಿ ಒಂದು ಬಗೆಯ ವಂಚನೆ ನೆಲೆಗೊಂಡಿದೆ. ನಂಬಿಕೆಯ ಸಂಸ್ಥೆಯ ಹೆಸರಿನಲ್ಲಿ ಮಿಂಚಂಚೆ ಕಳುಹಿಸಿ ಗುಪ್ತಪದವನ್ನು ಅಪಹರಿಸುವ ಫಿಶಿಂಗ್ ವಿಧಾನ ಸರ್ವವಿದಿತವಾದುದು. ಕಾಗುಣಿತದ ತಪ್ಪು, ಅತಿಯಾದ ಆತುರ ಮುಂತಾದ ಅದರ ಸಾಮಾನ್ಯ ಲಕ್ಷಣಗಳನ್ನು ಬಿಟ್ಟು, ತಪ್ಪೇ ಕಾಣದ ವಿಳಾಸದಿಂದ ಮೋಸಹೋಗುವ ಬಗೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಯೂನಿಕೋಡ್ ಪದ್ಧತಿಯಲ್ಲಿ ರೋಮನ್ ಲಿಪಿಯ ಮೊದಲನೆಯ ಸಣ್ಣಕ್ಷರದ ಸಂಖ್ಯೆ 97. ರಷ್ಯನ್ ಮೊದಲಾದ ಭಾಷೆಗಳ ಸಿರಿಲಿಕ್ ಲಿಪಿಯಲ್ಲಿ ಅದೇ ಆಕಾರದ ಅಕ್ಷರಕ್ಕೆ 1072. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಆದುದರಿಂದ ಒಂದಕ್ಷರವನ್ನು ಬದಲಿಸಿದ ವಿಳಾಸವನ್ನು ಬೇರೊಬ್ಬನು ತನ್ನದಾಗಿ ನೋಂದಾಯಿಸಿಕೊಳ್ಳಲು ಅವಕಾಶವುಂಟಾಯಿತು. 2002ರಲ್ಲಿ ಗ್ಯಾಬ್ರಿಲೊವಿಚ್ ಮತ್ತು ಗಾಂಟ್‌ಮಾಖರ್ ಎಂಬ ಸಂಶೋಧಕರು ಮೈಕ್ರೋಸಾಫ್ಟ್ ಎಂಬ ಹೆಸರಿನಲ್ಲಿ ಸಿರಿಲಿಕ್ ಅಕ್ಷರಗಳನ್ನು ಬೆರೆಸಿ ಇದನ್ನು ತೋರಿಸಿಕೊಟ್ಟರು. ಮುಂದೆ ಬ್ರೌಸರುಗಳು ಲಿಪಿಗಳ ಬೆರಕೆಯನ್ನು ಶಂಕಿಸತೊಡಗಿದುವು. ಆದರೆ 2017ರಲ್ಲಿ ಆಪಲ್ ಎಂಬ ಹೆಸರಿನ ಐದು ಅಕ್ಷರಗಳನ್ನೂ ಸಿರಿಲಿಕ್‌ನಿಂದಲೇ ರಚಿಸಿದ ವಿಳಾಸವೊಂದು ಪ್ರಯೋಗಾರ್ಥವಾಗಿ ಪ್ರಕಟವಾಯಿತು. ಬೆರಕೆಯೇ ಇಲ್ಲದುದರಿಂದ ಕೆಲವು ಬ್ರೌಸರುಗಳು ಮೋಸಹೋದುವು. ಕ್ರೋಮ್ ಅದೇ ವರ್ಷ ತನ್ನ ದೋಷವನ್ನು ತಿದ್ದಿಕೊಂಡಿತು.

ಈ ಪ್ರಶ್ನೆ ನಮ್ಮ ಲಿಪಿಗೂ ಹೊರತಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದುವು. ಕನ್ನಡದ ಲಕಾರದ ಸಂಖ್ಯೆ 3250. ಹೆಚ್ಚುಕಡಮೆ ಅದೇ ರೂಪದ ತೆಲುಗು ಲಕಾರದ್ದು 3122.

ಇನ್ನೊಂದು ತಂತ್ರ ಲಿಪಿಯ ದಿಕ್ಕಿಗೆ ಸಂಬಂಧಿಸಿದುದು. ಅರಬ್ಬಿಯಂತೆ ಬಲದಿಂದ ಎಡಕ್ಕೆ ಸಾಗುವ ಬರಹಕ್ಕಾಗಿ ಕಣ್ಣಿಗೆ ಕಾಣದ ಸಂಜ್ಞೆಯೊಂದಿದೆ. ಲಗತ್ತಿಸಿದ ಕಡತದ ಹೆಸರಿನಲ್ಲಿ ಅದನ್ನು ಸೇರಿಸಿದರೆ ಮುಂದಿನ ಅಕ್ಷರಗಳು ತಿರುವುಮುರುವಾಗಿ ತೋರುತ್ತವೆ; ಅಪಾಯಕರವಾದ ಕ್ರಮವಿಧಿಯು ಸಾಧಾರಣ ಚಿತ್ರದಂತೆ ಕಾಣುತ್ತದೆ.

ಹೀಗಿರಲು ಇವನ್ನು ಗುರುತಿಸುವ ಬಗೆ ಹೇಗೆ? ರೋಮನ್ ಅಲ್ಲದ ಅಕ್ಷರವುಳ್ಳ ವಿಳಾಸವನ್ನು ಯಂತ್ರವು ಒಳಗೆ ‘ಎಕ್ಸ್’, ‘ಎನ್’ ಎಂಬೆರಡು ರೋಮನ್ ಅಕ್ಷರಗಳು ಹಾಗೂ ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೂಪಕ್ಕೆ ತಿರುಗಿಸುತ್ತದೆ. ರೋಮನ್ ಎಂದು ಕಂಡ ಹೆಸರು ಈ ರೂಪದಲ್ಲಿ ಮೈದೋರಿದರೆ ಅದು ವೇಷಧಾರಿಯೆಂದೇ ತಿಳಿಯಬೇಕು. ಗುಪ್ತಪದಗಳನ್ನು ಕಾಯುವ ಕ್ರಮವಿಧಿಯು ಸಂಖ್ಯೆಯನ್ನೇ ಓದುವುದರಿಂದ ಮೋಸಹೋಗದು. ಪರಿಚಿತ ತಾಣದಲ್ಲಿ ಅದು ಸುಮ್ಮನಿದ್ದರೆ ನಾವೂ ಕೈತಡೆಯಬೇಕು. ಕಡತದ ನಿಜವಾದ ಬಗೆಯನ್ನು ಅದರ ಗುಣವಿವರದಲ್ಲಿ ನೋಡಬೇಕು. ಎಲ್ಲಕ್ಕಿಂತ ಸುಲಭವಾದುದು, ಬಂದ ಕೊಂಡಿಯನ್ನು ಒತ್ತದೆ ವಿಳಾಸವನ್ನು ನಾವೇ ಬೆರಳಚ್ಚಿಸುವುದು.

ಅಧ್ಯಾಪಕನೊಬ್ಬನ ಗುಪ್ತಪದ ಕಳೆದರೆ ಹೋಗುವುದು ಅವನ ಪತ್ರಗಳಷ್ಟೇ ಅಲ್ಲ. ಅವನನ್ನು ನಂಬಿದ ವಿದ್ಯಾರ್ಥಿಗಳ ಅಂಕಗಳೂ ವಿವರಗಳೂ ಅನ್ಯರ ಪಾಲಾಗಬಹುದು. ಆದಕಾರಣ ಕಣ್ಣಿನ ಸಾಕ್ಷ್ಯವೊಂದನ್ನೇ ಪ್ರಮಾಣವೆಂದು ಭಾವಿಸದಿರುವುದು ಇಂದು ನಮ್ಮೆಲ್ಲರ ಕರ್ತವ್ಯವಾಗಿದೆ.