ಕೋಳಿಯ ಜುಟ್ಟು ಮತ್ತು ಅನುವಂಶೀಯತೆ

ಕೋಳಿಯ ತಲೆಯ ಮೇಲಿನ ಕೆಂಪು ಜುಟ್ಟು ಬರಿಯ ಅಲಂಕಾರವಲ್ಲ. ರಕ್ತನಾಳಗಳಿಂದ ತುಂಬಿದ ಈ ಅಂಗವು ದೇಹದ ಹೆಚ್ಚಿನ ಶಾಖವನ್ನು ಹೊರಹಾಕಲು ನೆರವಾಗುತ್ತದೆ. ಇದರ ಆಕಾರವು ಎಲ್ಲ ತಳಿಗಳಲ್ಲಿಯೂ ಒಂದೇ ಬಗೆಯಲ್ಲ. ಲೆಗ್‌ಹಾರ್ನ್ ಕೋಳಿಗೆ ಗರಗಸದ ಹಲ್ಲುಗಳಂತಹ ಒಂಟಿ ಜುಟ್ಟು. ಅಮೆರಿಕದ ವಯಾಂಡಾಟ್ ತಳಿಗೆ ಸಣ್ಣ ಉಬ್ಬುಗಳಿಂದ ಕೂಡಿ ತಲೆಗಂಟಿದ ಗುಲಾಬಿ ಜುಟ್ಟು. ಬ್ರಹ್ಮಾ ತಳಿಗೂ ನಮ್ಮ ದೇಶದ ಅಸೀಲ್ ತಳಿಗೂ ಮೂರು ಸಾಲಿನ ಗಿಡ್ಡ ಬಟಾಣಿ ಜುಟ್ಟು. ಮಲಯ ತಳಿಯದು ಅಕ್ರೋಟನ್ನು ಹೋಲುವ ಜುಟ್ಟು.

ಮೆಂಡೆಲನು ಬಟಾಣಿ ಗಿಡಗಳಲ್ಲಿ ಕಂಡ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಅವು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂಬುದನ್ನು 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಎಂಬ ವಿಜ್ಞಾನಿಯು ಕೋಳಿಯ ಜುಟ್ಟಿನ ಮೂಲಕವೇ ತೋರಿಸಿಕೊಟ್ಟನು. ಶುದ್ಧ ಗುಲಾಬಿ ಜುಟ್ಟಿನ ಕೋಳಿಯನ್ನು ಒಂಟಿ ಜುಟ್ಟಿನ ಕೋಳಿಯೊಡನೆ ಕೂಡಿಸಿದರೆ ಮರಿಗಳೆಲ್ಲವೂ ಗುಲಾಬಿ ಜುಟ್ಟಿನವೇ ಆಗುತ್ತವೆ. ಆ ಮರಿಗಳು ಬೆಳೆದು ತಮ್ಮೊಳಗೆ ಕೂಡಿದಾಗ ಮೂರು ಗುಲಾಬಿ ಜುಟ್ಟಿಗೆ ಒಂದರಂತೆ ಒಂಟಿ ಜುಟ್ಟು ಮರಳಿ ತೋರುತ್ತದೆ. ಅಂದರೆ ಗುಲಾಬಿಯ ಗುಣವು ಪ್ರಬಲ. ಒಂಟಿಯ ಗುಣವು ಅಡಗಿರುತ್ತದೆಯೇ ಹೊರತು ಅಳಿಯುವುದಿಲ್ಲ. ಬಟಾಣಿ ಜುಟ್ಟೂ ಹೀಗೆಯೇ ಒಂಟಿ ಜುಟ್ಟಿಗಿಂತ ಪ್ರಬಲವಾದುದು.

ಶುದ್ಧ ಗುಲಾಬಿಗೂ ಶುದ್ಧ ಬಟಾಣಿಗೂ ಸಂಕರ ಮಾಡಿದಾಗ ಮಾತ್ರ ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಅಕ್ರೋಟು ಜುಟ್ಟು ಹುಟ್ಟುತ್ತದೆ. ಈ ಮರಿಗಳ ಮುಂದಿನ ಪೀಳಿಗೆಯಲ್ಲಿ, ಹದಿನಾರಕ್ಕೆ 9 ಅಕ್ರೋಟು, 3 ಗುಲಾಬಿ, 3 ಬಟಾಣಿ, 1 ಒಂಟಿ ಎಂಬ ಪ್ರಮಾಣವು ದೊರೆಯುತ್ತದೆ. ಎರಡು ಬೇರೆ ಬೇರೆ ವಂಶವಾಹಿಗಳು ಸೇರಿ ಒಂದೇ ಅಂಗವನ್ನು ರೂಪಿಸುತ್ತವೆ ಎಂಬುದೇ ಇದರ ಅರ್ಥ. ಆದರೆ ಈ ಪ್ರಮಾಣವು ನೂರಾರು ಮರಿಗಳನ್ನು ಎಣಿಸಿದಾಗ ಸಿದ್ಧಿಸುವಂತಹುದು; ಒಂದು ಕಾವಿನ ಮರಿಗಳಲ್ಲಿ ಅದನ್ನು ಯಥಾವತ್ತಾಗಿ ನಿರೀಕ್ಷಿಸಲಾಗದು.

ವಯಾಂಡಾಟ್ ಸಾಕುವವರನ್ನು ಬಹುಕಾಲ ಕಾಡಿದ ಸಮಸ್ಯೆಯೊಂದುಂಟು. ಒಂಟಿ ಜುಟ್ಟಿನ ಮರಿಗಳನ್ನು ಪ್ರತಿ ಪೀಳಿಗೆಯಲ್ಲಿಯೂ ಬೇರ್ಪಡಿಸಿದರೂ ಅವು ಮತ್ತೆ ಮತ್ತೆ ಹುಟ್ಟುತ್ತಲೇ ಇದ್ದವು. ಹುಂಜವು ಶುದ್ಧವೋ ಮಿಶ್ರವೋ ಎಂದು ತಿಳಿಯಲು ಅದನ್ನು ಒಂಟಿ ಜುಟ್ಟಿನ ಹೇಂಟೆಯೊಡನೆ ಕೂಡಿಸಬೇಕು. ಒಂದು ಮರಿಯಾದರೂ ಒಂಟಿ ಜುಟ್ಟು ತೋರಿದರೆ ಹುಂಜವು ಮಿಶ್ರವೆಂಬುದು ಖಚಿತ. ಮಿಶ್ರ ಹುಂಜಕ್ಕೆ ಸತತವಾಗಿ ಹತ್ತು ಗುಲಾಬಿ ಜುಟ್ಟಿನ ಮರಿಗಳೇ ಹುಟ್ಟುವ ಸಂಭವ 1,024ರಲ್ಲಿ ಒಂದು ಮಾತ್ರ.

ಆದರೆ ಹೀಗೆ ಆರಿಸಿದ ಶುದ್ಧ ಹುಂಜಗಳಿಂದ ಫಲ ಕಟ್ಟುವ ಮೊಟ್ಟೆಗಳೇ ಕಡಿಮೆ. ಇದರ ಕಾರಣವು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಏಳನೆಯ ವರ್ಣತಂತುವಿನಲ್ಲಿ ಸುಮಾರು 74 ಲಕ್ಷ ಜೋಡಿ ಅಕ್ಷರಗಳಷ್ಟು ಉದ್ದದ ಭಾಗವೊಂದು ತಲೆಕೆಳಗಾಗಿರುವುದೇ ಗುಲಾಬಿ ಜುಟ್ಟಿಗೆ ಮೂಲ. ಈ ತಿರುವಿನಲ್ಲಿ ಮತ್ತೊಂದು ವಂಶವಾಹಿಯು ತುಂಡಾಗುತ್ತದೆ. ಎರಡು ಪ್ರತಿಗಳಲ್ಲಿಯೂ ಹೀಗಾದ ಹುಂಜದ ವೀರ್ಯಾಣುಗಳ ಚಲನಶಕ್ತಿಯು ಕುಂದುತ್ತದೆ. ಮಿಶ್ರ ಹುಂಜಕ್ಕೆ ಒಂದು ಸರಿಯಾದ ಪ್ರತಿಯಿರುವುದರಿಂದ ಈ ದೋಷವಿಲ್ಲ; ಆದುದರಿಂದ ಅದರ ಸಂತಾನವೇ ಹಿಂಡಿನಲ್ಲಿ ಹೆಚ್ಚುತ್ತದೆ, ಒಂಟಿ ಜುಟ್ಟೂ ಉಳಿಯುತ್ತದೆ.

ಹೀಗಾಗಿ ಗುಲಾಬಿ ಜುಟ್ಟಿನ ಜೋಡಿಗೆ ಒಂಟಿ ಜುಟ್ಟಿನ ಮರಿ ಹುಟ್ಟಿದ ಮಾತ್ರಕ್ಕೆ ಪರತಳಿಯ ಹುಂಜವು ನುಸುಳಿತೆಂದು ಶಂಕಿಸಬೇಕಾಗಿಲ್ಲ. ಜುಟ್ಟಿನ ಅಂದವನ್ನೇ ಮುಖ್ಯವೆಂದೆಣಿಸಿ ಶುದ್ಧ ಹುಂಜಗಳನ್ನಷ್ಟೇ ಉಳಿಸಿಕೊಳ್ಳುವವನು ಮರಿಗಳ ಸಂಖ್ಯೆಯಲ್ಲಿ ಅದರ ಬೆಲೆಯನ್ನು ತೆರಬೇಕಾಗುತ್ತದೆ. ಹೊರಗಿನ ಲಕ್ಷಣದೊಡನೆ ಫಲವತ್ತತೆಯನ್ನೂ ತೂಗಿ ನೋಡಿ ಆರಿಸುವುದೇ ತಳಿ ಬೆಳೆಸುವವನ ವಿವೇಕ.