ಕೆಚ್ಚಲು ಬಾತರೆ ನೋಡುವ ಕಣ್ಣು, ಕಾಲು ಬಾತರೂ ನೋಡಲಿ

ಹಸುವಿನ ಕೆಚ್ಚಲು ಬಾತರೆ ಅಂದೇ ಪಶುವೈದ್ಯರಿಗೆ ಫೋನ್ ಮಾಡುತ್ತೇವೆ. ನಮ್ಮದೇ ಪಾದ ಬಾತರೆ ‘ನಿಂತು ಕೆಲಸ ಮಾಡಿದ್ದಕ್ಕೆ’ ಎಂದು ಸುಮ್ಮನಾಗುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಾಲು ಉತ್ಪಾದಕ ಸಹೋದರಿಯರು ಈ ರೂಢಿ ಬಿಡಬೇಕು.

ಹೃದಯ ವೈಫಲ್ಯ ಎಂದರೆ ಹೃದಯ ನಿಂತಿತು ಎಂದಲ್ಲ. ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗಿದೆ ಎಂದರ್ಥ. ಆಗ ಕಾಲು, ಹೊಟ್ಟೆ, ಶ್ವಾಸಕೋಶಗಳಲ್ಲಿ ನೀರು ನಿಲ್ಲುತ್ತದೆ. ನಡೆದರೆ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ವಿಪರೀತ ಸುಸ್ತು ಇದರ ಲಕ್ಷಣಗಳು. ಬಿ.ಪಿ., ಸಕ್ಕರೆ ಕಾಯಿಲೆ, ಹಿಂದೆ ಆದ ಹೃದಯಾಘಾತ, ಕವಾಟದ ತೊಂದರೆ ಮುಖ್ಯ ಕಾರಣಗಳು. ತುಂಬು ಗರ್ಭಿಣಿಯರಿಗೆ, ಬಾಣಂತಿಯರಿಗೂ ಬರಬಹುದು. ಅವರ ಏದುಸಿರನ್ನು ಕಡೆಗಣಿಸಬೇಡಿ.

ಔಷಧಿ ಡಾಕ್ಟರು ಬರೆಯುತ್ತಾರೆ. ದಿನದ ಆರೈಕೆ ನಮ್ಮ ಕೈಯಲ್ಲಿದೆ.

ತೂಕ: ಡೇರಿಯಲ್ಲಿ ಹಾಲಿನ ಅಳತೆ, ಫ್ಯಾಟ್ ಬರೆಸಿಕೊಳ್ಳುವ ಹಾಗೆಯೇ ನಿಮ್ಮ ತೂಕವನ್ನೂ ಬರೆದಿಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಗಿ. ಎರಡು ದಿನದಲ್ಲಿ ಒಂದೂವರೆ ಕೆ.ಜಿ., ಅಥವಾ ವಾರದಲ್ಲಿ ಎರಡು ಕೆ.ಜಿ. ಏರಿದರೆ ಅದು ನೀರು. ಕೂಡಲೇ ಡಾಕ್ಟರಿಗೆ ತಿಳಿಸಿ.

ಉಪ್ಪು: ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ ದಾಟಬಾರದು. ರೊಟ್ಟಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ, ಮಂಡಕ್ಕಿ-ಮಿರ್ಚಿ ಅಪರೂಪಕ್ಕಿರಲಿ. ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ, ಕೊತ್ತಂಬರಿ ಹಾಕಿ. ನೀರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ.

ಮಾತ್ರೆ: ಹೊಲಕ್ಕೆ ಹೋದಾಗ ಮೂತ್ರಕ್ಕೆ ಜಾಗವಿಲ್ಲವೆಂದು ಅನೇಕರು ನೀರಿಳಿಸುವ ಮಾತ್ರೆ ಬಿಡುತ್ತಾರೆ. ಬಿಡಬೇಡಿ, ನುಂಗುವ ಹೊತ್ತು ಬದಲಿಸಬಹುದೇ ಎಂದು ಕೇಳಿ. ಮೈ ಹಗುರಾಯಿತೆಂದು ನಿಲ್ಲಿಸಲೂಬೇಡಿ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸುತ್ತವೆ, ಕೇಳದೆ ನುಂಗಬೇಡಿ. ವಾಂತಿ-ಭೇದಿಯಾದರೂ ಡಾಕ್ಟರಿಗೆ ಹೇಳಿ.

ಕೆಲಸ: ಹಾಲು ಕರೆಯುವುದು, ನಿಧಾನದ ನಡಿಗೆ ಮೈಗೆ ಒಗ್ಗಿದಷ್ಟು ಇರಲಿ. ಮೇವಿನ ಹೊರೆ, ತುಂಬಿದ ಕೊಡ ಮನೆಯವರು ಹೊರಲಿ. ಮಾತನಾಡಲು ಆಗದಷ್ಟು ಏದುಸಿರು ಬಂದರೆ ಕುಳಿತುಬಿಡಿ.

ಕುಳಿತರೂ ಉಸಿರಾಡಲು ಆಗದಿದ್ದರೆ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ನೋಂದಣಿ ಯಾವಾಗ, ಯಾವ ಚಿಕಿತ್ಸೆಗೆ ಅನ್ವಯ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.

ಕೊಟ್ಟಿಗೆಯ ಎಲ್ಲ ಜೀವಗಳನ್ನೂ ನೋಡಿಕೊಳ್ಳುವವರು ನೀವು. ನಾಳೆ ಬೆಳಿಗ್ಗೆ ಹಾಲು ಕರೆಯುವ ಮೊದಲು ನಿಮ್ಮ ಪಾದವನ್ನೂ ಒಮ್ಮೆ ಒತ್ತಿ ನೋಡಿ. ಬೆರಳೊತ್ತಿದ ಕಡೆ ಗುಳಿ ಉಳಿದರೆ ಆಸ್ಪತ್ರೆಗೆ ಹೋಗಿ ತೋರಿಸಿ.