ತಾಯಿಗೆ ಹಾಜರಿ ಐತಿ, ಕೂಸಿಗೆ?

ಚಿಕ್ಕೋಡಿ: ಉದ್ಯೋಗ ಖಾತ್ರಿ ಎಂದರೆ ಏನೆಂದು ಅಥಣಿ, ರಾಯಬಾಗ, ಕಾಗವಾಡ ಸೀಮೆಯ ಬಡ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಹೂಳು, ಹೊಲದ ಬದು, ನಾಲೆ. ಮುಂಜಾನೆ ಬುತ್ತಿ ಕಟ್ಟಿಕೊಂಡು, ಬುಟ್ಟಿ ಸಲಿಕೆ ಹಿಡಿದು ಹೊರಡುವುದು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂದು 2005ರ ಕಾಯ್ದೆ ಹೇಳಿತು. ಹೊಲದ ಕೂಲಿಯಲ್ಲಿ ಇದು ಅಪರೂಪದ ಮಾತು. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು.

ಆದರೆ ಸೊಂಟದ ಮೇಲಿನ ಕೂಸಿನ ಗತಿ ಏನು?

ಅಂಗನವಾಡಿಯಲ್ಲಿ ಕೂಡಿಸಿಕೊಳ್ಳುವುದು 3 ವರ್ಷ ತುಂಬಿದ ಮಕ್ಕಳನ್ನು. ಅದಕ್ಕೂ ಸಣ್ಣದಿದ್ದರೆ ಗಿಡಕ್ಕೆ ಸೀರೆಯ ಜೋಲಿ ಕಟ್ಟಬೇಕು, ಇಲ್ಲವೆ ಸಾಲಿ ಬಿಡಿಸಿ ಅಕ್ಕನನ್ನು ಕಾಯಲಿಕ್ಕೆ ಕೂಡಿಸಬೇಕು. ಒಂದು ಕೂಸಿನ ಸಲುವಾಗಿ ಇನ್ನೊಂದರ ಪಾಠ ಹೋಯಿತು!

ತೊಡಕು ಇನ್ನೊಂದಿದೆ. ಕೂಲಿ ಸಿಗುವುದು ಗುಂಪಿನವರು ಅಗೆದ ಮಣ್ಣಿನ ಅಳತೆಯ ಮೇಲೆ. ಹಾಲು ಕುಡಿಸಲು ತಾಯಿ ಎರಡು ಸಲ ಎದ್ದು ಹೋದಳು, ಅಳತೆ ಕಡಿಮೆ ಬಂತು ಅನ್ನಿ, ಜೊತೆಯವರ ಪಗಾರಕ್ಕೂ ಕತ್ತರಿ. "ಕೂಸಿದ್ದಾಕಿ ನಮ್ಮ ಗ್ಯಾಂಗಿಗೆ ಬ್ಯಾಡ" ಎಂಬ ಗೊಣಗು ಹುಟ್ಟುವುದು ಇಲ್ಲಿಯೇ.

ಕಾಯ್ದೆ ಬರೆದವರಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೆಲಸದ ಜಾಗಕ್ಕೆ 6 ವರ್ಷದೊಳಗಿನ 5 ಮಕ್ಕಳು ಬಂದರೆ, ಅವನ್ನು ನೋಡಿಕೊಳ್ಳಲು ಒಬ್ಬ ಹೆಣ್ಣಾಳನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಅದರಲ್ಲೇ ಬರೆದಿತ್ತು. ಮುಂದೆ 2023ರಲ್ಲಿ ದಿನಕ್ಕೆ ಎರಡು ಸಲ ಮೊಬೈಲ್ ಫೋಟೋ ಹಾಜರಿ ಕಡ್ಡಾಯವಾಯಿತು. ಆ ಹಾಜರಿ ತಾಯಂದಿರದು, ಜೋಲಿಯಲ್ಲಿದ್ದ ಕೂಸಿನದಲ್ಲ.

ಅದೇ ವರ್ಷ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಬಜೆಟ್ಟಿನಲ್ಲಿ ಸಾರಿತು. ಹೆಸರೂ ಚೆಂದ, ವಿಚಾರವೂ ಚೆಂದ. ಆದರೆ ಕೂಸಿನ ಮನೆ ಊರೊಳಗೆ, ಕೆಲಸ ಎರಡು ಮೈಲು ಆಚೆ ಎಂದಾದರೆ ಎದೆಹಾಲಿನ ಕೂಸು ಏನು ಮಾಡಬೇಕು?

ಮನೆಯಲ್ಲೇ ಕುಳಿತು ಮಾಡುವ ಕೆಲಸವಾದರೆ ಸುಖವೆ? ನಿಪ್ಪಾಣಿಗೆ ಹೋಗಿ ನೋಡಬೇಕು. ಅಲ್ಲಿ ಬೀಡಿ ಕಟ್ಟುವ ತಾಯಿ ತೊಟ್ಟಿಲ ಮಗ್ಗುಲಲ್ಲೇ ಇರುತ್ತಾಳೆ. ತಂಬಾಕಿನ ಧೂಳೂ ಅಲ್ಲೇ ಇರುತ್ತದೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ಒಪ್ಪಿತು. 100 ದಿನದ ಕೆಲಸ 125 ದಿನ ಎಂದಾಯಿತು. ಒಳ್ಳೆಯದೇ. ಆದರೆ ಕೂಸು ನೋಡುವವರಿಲ್ಲದಿದ್ದರೆ ಹೆಚ್ಚಾದದ್ದು ಅದರ ಬಿಸಿಲಿನ ದಿನವೂ ಹೌದು. ಮುಂದಿನ ಗ್ರಾಮಸಭೆಯಲ್ಲಿ ತಾಯಂದಿರು ಎದ್ದು ನಿಂತು ಇಷ್ಟೇ ಕೇಳಲಿ: "ಸಾಹೇಬರ, ನಮ್ಮ ಹಾಜರಿ ಹಿಡದ್ರಿ. ನಮ್ಮ ಕೂಸು ಯಾರ ಹಿಡೀತಾರ್ರಿ?"